ಕೈಗೆ ಹಳೇ ಇಂಗ್ಲಿಷು, ಬಾಯಿಗೆ ಹೊಸದು: ನನ್ನ ಸ್ಪೆಲ್ಲಿಂಗ್ ಪಾಠ

'ನೈಫ್‌ಗೆ ಮೊದಲು ಕೆ ಯಾಕೆ ಸಾರ್?' ಅಂತ ಕೇಳಿದ ಮಕ್ಕಳಿಗೆ 'ಅದು ಸೈಲೆಂಟು, ಸುಮ್ನೆ ಬರ್ಕೋ' ಅನ್ನೋದನ್ನು ಬಿಟ್ಟು ಮೂರು ವರ್ಷದ ಮೇಲಾಯಿತು. ಈಗ ನನ್ನ ಉತ್ತರ ಬೇರೆ. 'ಇಂಗ್ಲಿಷಿನವರೇ ಅದನ್ನು ಕ್ನೀಫ್ ಅಂತ ಅಂದವರು. ನೀನು ಕೆ ಸೇರಿಸಿ ಓದಿದ್ದು ತಪ್ಪಲ್ಲ, 600 ವರ್ಷ ಹಳೇದು ಅಷ್ಟೇ.'

ಇದನ್ನು ಹೇಳಿದಾಗ ನಮ್ಮ ಮೇಷ್ಟ್ರುಗಳು ನಕ್ಕರು. ಇರೋ ಇಂಗ್ಲಿಷೇ ಬರಲ್ಲ, ಇನ್ನು ಸತ್ತು ಹೋದ ಇಂಗ್ಲಿಷ್ ಕಲಿಸ್ತೀಯಾ ಅಂದರು. ಮಕ್ಕಳು ಪರೀಕ್ಷೆಯಲ್ಲಿ ಬಾಯಿಬಿಟ್ಟರೆ ಮರ್ಯಾದೆ ಹೋಗುತ್ತೆ ಅಂತಲೂ ಹೆದರಿಸಿದರು. ಈಗ ಅವರಲ್ಲೇ ಇಬ್ಬರು ನನ್ನ ಪದಪಟ್ಟಿಯ ಜೆರಾಕ್ಸ್ ಕೇಳಿ ಪಡೆದಿದ್ದಾರೆ. ಪೂರ್ತಿ ಕೊಟ್ಟಿಲ್ಲ ಅನ್ನೋದು ಬೇರೆ ಮಾತು.

ನನ್ನದು ಕನ್ನಡ ಮೀಡಿಯಂ ಮಕ್ಕಳ ಟ್ಯೂಷನ್. ಎಂಟರಿಂದ ಹತ್ತನೇ ಕ್ಲಾಸು, ತಿಂಗಳಿಗೆ 300 ರೂಪಾಯಿ ಫೀಸು. ಮೊದಲು ಫೋನಿಕ್ಸ್ ಕಿಟ್ ತರಿಸಿದೆ, ಅಂದರೆ ಅಕ್ಷರಗಳ ಸದ್ದು ಕೂಡಿಸಿ ಪದ ಓದಿಸುವ ವಿಧಾನದ್ದು. ಚಾರ್ಟು, ಕಾರ್ಡು, ಸಿ.ಡಿ. ಎಲ್ಲ ಸೇರಿ 6,000 ಚಿಲ್ಲರೆ. ದುಡ್ಡು ನೀರಲ್ಲಿ ಹೋಮ. ಯಾಕೆ ಅಂತ ಆಮೇಲೆ ಹೊಳೆಯಿತು. ಇಂಗ್ಲೆಂಡಿನ ಮಗುವಿಗೆ ಹೌಸ್ ಅನ್ನೋ ಪದ ಅಕ್ಷರಕ್ಕಿಂತ ಮೊದಲೇ ಕಿವಿಯಲ್ಲಿರುತ್ತೆ. ನಮ್ಮ ಮಕ್ಕಳಿಗೆ ಅದು ಮೊದಲು ಕಾಣಿಸೋದೇ ಪುಸ್ತಕದಲ್ಲಿ. ಕಿವಿಯಲ್ಲಿ ಇಲ್ಲದ ಪದಕ್ಕೆ ಫೋನಿಕ್ಸ್ ಏನು ಮಾಡೀತು? ಆಮೇಲೆ ಹತ್ತತ್ತು ಸಲ ಬರೆಸಿ ನೋಡಿದೆ. ಶನಿವಾರ ಬಂದದ್ದು ಸೋಮವಾರ ಇರುತ್ತಿರಲಿಲ್ಲ. ಮೊಬೈಲ್ ಆ್ಯಪ್‌ಗೆ ವರ್ಷದ ಚಂದಾ ಕಟ್ಟಿದೆ, ಸುಮಾರು 1,500. ಅದಕ್ಕೆ ನಮ್ಮ ಮಕ್ಕಳ ಉಚ್ಚಾರಣೆಯೇ ಅರ್ಥ ಆಗಲಿಲ್ಲ. ಅರ್ಧ ಬ್ಯಾಚ್ ಬಿಟ್ಟು ಹೋಯಿತು. ರೂಮಿನ ಬಾಡಿಗೆ 2,500, ಕೆಲವು ತಿಂಗಳು ಕೈಯಿಂದಲೇ ಹಾಕಿದೆ.

ದಾರಿ ಸಿಕ್ಕಿದ್ದು ಕನ್ನಡ ಪಾಠದಲ್ಲಿ. ಮಕ್ಕಳು ಹಳಗನ್ನಡ ಪದ್ಯ ಓದುತ್ತಿದ್ದರು. ಪಾಲ್ ಹಾಲಾಗಿದ್ದು, ಪುಲಿ ಹುಲಿಯಾಗಿದ್ದು, ಪೆಸರು ಹೆಸರಾಗಿದ್ದು ಅವರಿಗೆ ಗೊತ್ತೇ ಇತ್ತು. ನಾವು ಬಾಯಿ ಬದಲಾದ ಹಾಗೆ ಬರಹವನ್ನೂ ಬದಲಾಯಿಸಿಕೊಂಡೆವು. ಇಂಗ್ಲಿಷಿನವರು ಬದಲಾಯಿಸಲಿಲ್ಲ. ಇಂಗ್ಲೆಂಡಿನ ಮೊದಲ ಮುದ್ರಕ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಚ್ಚಿನ ಯಂತ್ರ ಇಟ್ಟಿದ್ದು 1476ರಲ್ಲಿ. ಅವರ ಬಾಯಲ್ಲಿ ಸ್ವರಗಳ ಉಚ್ಚಾರಣೆ ಬದಲಾಗಲು ಶುರುವಾಗಿದ್ದು ಹೆಚ್ಚುಕಡಿಮೆ 1400ರ ಆಚೀಚೆ, ಮುಗಿದಿದ್ದು 1700ರ ಸುಮಾರಿಗೆ. ನಡುವೆಯೇ ಹಳೇ ಸ್ಪೆಲ್ಲಿಂಗ್ ಅಚ್ಚಿನಲ್ಲಿ ಕೂತುಬಿಟ್ಟಿತು. ಅಂದರೆ ಸ್ಪೆಲ್ಲಿಂಗ್ ಅನ್ನೋದು ಅವರ 'ಪಾಲು', ಬಾಯಲ್ಲಿ ಬರೋದು 'ಹಾಲು'. ಇಷ್ಟು ಹೇಳಿದರೆ ಎಂಟನೇ ಕ್ಲಾಸಿನ ಹುಡುಗನಿಗೂ ಸಾಕು.

ಪಾಠ ಹೀಗೆ ನಡೆಯುತ್ತೆ. ಬೋರ್ಡಿನ ಮೇಲೆ ಎಚ್-ಓ-ಯು-ಎಸ್-ಇ ಬರೀತೀನಿ. 1066ರಲ್ಲಿ ಫ್ರಾನ್ಸ್ ಕಡೆಯ ನಾರ್ಮನ್ನರು ಇಂಗ್ಲೆಂಡಿಗೆ ಬಂದ ಮೇಲೆ ಫ್ರೆಂಚ್ ಬರಹ ಕಲಿತ ಲಿಪಿಕಾರರು 'ಊ' ಸ್ವರಕ್ಕೆ ಓ-ಯು ಬರೆಯುವ ರೂಢಿ ತಂದರು ಅಂತ ಒಂದು ಮಾತು ಹೇಳ್ತೀನಿ. ಈಗ ಹಳೇ ಥರ ಓದಿ ಅಂತೀನಿ. ಹೂಸ್! ಇಡೀ ಕ್ಲಾಸು ಗೊಳ್ಳೆನ್ನುತ್ತೆ. ಪಕ್ಕದಲ್ಲೇ ಎಮ್-ಓ-ಯು-ಎಸ್-ಇ ಬರೀತೀನಿ. ಮೂಸ್! ಹಿಂದಿನ ಬೆಂಚಿನವರು ಹೊಟ್ಟೆ ಹಿಡಿದುಕೊಂಡು ಬೀಳ್ತಾರೆ. ಹೂಸು, ಮೂಸು ಅಂತ ಒಂದು ಸಲ ನಕ್ಕವರು ಆ ಓ-ಯು ಜನ್ಮದಲ್ಲಿ ಮರೆಯಲ್ಲ. ಲೌಡ್, ಔಟ್, ಮೌತ್ ಎಲ್ಲ ಅದರ ಹಿಂದೆಯೇ ಬರುತ್ತವೆ. ಸ್ಕಾಟ್ಲೆಂಡಿನ ಕಡೆ ಈಗಲೂ ಹೂಸ್ ಅನ್ನುವವರಿದ್ದಾರೆ ಅಂದರೆ ಇನ್ನೊಂದು ಸುತ್ತು ನಗು.

ಹೀಗೇ ಹಳೇ ಓದಿನಲ್ಲಿ ನೇಮ್ ಅನ್ನೋದು 'ನಾಮ', ರಾತ್ರಿಯ ನೈಟ್ ಅನ್ನೋದು 'ನಿಖ್ಟ್'. ಇಂಗ್ಲಿಷಿನವರು ಕೆ ಬರೆದು 'ನೀ' ಅನ್ನೋ ಮಂಡಿಗೆ ಜರ್ಮನ್ನರು ಇವತ್ತಿಗೂ ಕೆ ಬಿಡದೆ ಕ್ನೀ ಅಂತಾರೆ.

ನಿಯಮ ಒಂದೇ: ಹಳೇ ಓದು ಕೈಗೆ, ಹೊಸ ಓದು ಬಾಯಿಗೆ. ಉಕ್ತಲೇಖನದಲ್ಲಿ ನಾನು ಹೇಳೋದು ಇವತ್ತಿನ ಉಚ್ಚಾರಣೆ. ಮಕ್ಕಳು ಬರೆಯುವಾಗ ಒಳಗೊಳಗೇ ಹಳೇದನ್ನು ಅಂದುಕೊಳ್ತಾರೆ. ಬರೆದ ತಕ್ಷಣ ಹೊಸದನ್ನು ಜೋರಾಗಿ ಹೇಳಬೇಕು. ಈ ಕೊನೇ ಹೆಜ್ಜೆ ತಪ್ಪಿಸಿದರೆ ಮೇಷ್ಟ್ರುಗಳು ಹೆದರಿಸಿದ್ದು ನಿಜವಾಗುತ್ತೆ. ಪದಗಳನ್ನು ಯಾವ ಕ್ರಮದಲ್ಲಿ ಕೊಡಬೇಕು ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ. ಅದು ನನ್ನ ಅನ್ನ.

20 ಪದದ ಉಕ್ತಲೇಖನದಲ್ಲಿ ಮೊದಲು ಎಂಟೊಂಬತ್ತು ಸರಿ ಬರುತ್ತಿತ್ತು. ನಾಲ್ಕೈದು ತಿಂಗಳಲ್ಲಿ ಹದಿನೈದರ ಮೇಲೆ ಹೋಯಿತು. ಖರ್ಚು? ಬೆಂಗಳೂರಿನ ಅವೆನ್ಯೂ ರೋಡಿನಲ್ಲಿ ಪದಗಳ ಮೂಲ ಕೊಡುವ ಒಂದು ಹಳೇ ದಪ್ಪ ಡಿಕ್ಷನರಿ, 400ಕ್ಕೋ 450ಕ್ಕೋ ತಂದಿದ್ದು. ಜೊತೆಗೆ ಜೆರಾಕ್ಸ್. ಈಗ ಇಂಗ್ಲಿಷ್ ಮೀಡಿಯಂ ಮಕ್ಕಳೂ ಬರ್ತಾರೆ, ಅವರಿಗೆ ಫೀಸು ಜಾಸ್ತಿ.

ಎಲ್ಲ ಕಡೆ ಇದು ನಡೆಯಲ್ಲ. ಡೆಟ್ ಪದದಲ್ಲಿರೋ ಬಿ ಇಂಗ್ಲಿಷಿನ ಯಾರ ಬಾಯಲ್ಲೂ ಇರಲಿಲ್ಲ. ಲ್ಯಾಟಿನ್ ಥರ ಕಾಣಲಿ ಅಂತ ಪಂಡಿತರು ತುರುಕಿದ್ದು. ಡೌಟ್‌ನ ಬಿ ಕೂಡ ಅದೇ ಕಥೆ. ಐಲ್ಯಾಂಡ್‌ನ ಎಸ್ ಇನ್ನೊಂದು ಪದ ನೋಡಿ ಸೇರಿಸಿಕೊಂಡದ್ದು. ಕುಡ್‌ನ ಎಲ್ ಅಂತೂ ವುಡ್, ಶುಡ್ ಪಕ್ಕ ಕೂತು ಅಂಟಿಸಿಕೊಂಡದ್ದು. ಇವನ್ನು ಬೋರ್ಡಿನ ಮೂಲೆಯಲ್ಲಿ 'ಕಳ್ಳ ಅಕ್ಷರ' ಅಂತ ಬೇರೆ ಬರೆಸ್ತೀನಿ. ಬಾಯಿಪಾಠವೇ ಗತಿ.

ನಡುವೆ ಕ್ರಿಯಾಪದಗಳ ಮೇಲೂ ಕೈ ಹಾಕಿದೆ. ಗೋ, ವೆಂಟ್, ಗಾನ್ ಅನ್ನೋ ಥರದ ವಿ-ಒನ್, ವಿ-ಟೂ, ವಿ-ತ್ರೀ ಪಟ್ಟಿ ಎಲ್ಲರಿಗೂ ಗೊತ್ತಲ್ವಾ? 2007ರಲ್ಲಿ ಹಾರ್ವರ್ಡ್‌ನವರು ಒಂದು ಲೆಕ್ಕ ಹಾಕಿದ್ದರು. ಹಳೇ ಇಂಗ್ಲಿಷಿನ 177 ಅಡ್ಡಾದಿಡ್ಡಿ ಕ್ರಿಯಾಪದಗಳಲ್ಲಿ ಈಗ ಹಾಗೇ ಉಳಿದಿರೋದು 98. ಹೆಲ್ಪ್‌ಗೆ ಹಿಂದೆ 'ಹೋಲ್ಪ್' ಅಂತಿತ್ತು, ಈಗ ಸಾದಾ ಹೆಲ್ಪ್ಡ್. ದಿನಾ ಬಾಯಲ್ಲಿ ಆಡೋವು ಮಾತ್ರ ಹಠ ಹಿಡಿದು ನಿಂತಿವೆ. ಅದಕ್ಕೇ ಉದ್ದ ಪಟ್ಟಿ ಹರಿದು ಹಾಕಿ, ದಿನಬಳಕೆಯ ಐವತ್ತು-ಅರವತ್ತು ಮಾತ್ರ ಇಟ್ಟುಕೊಂಡೆ. ಪರವಾಗಿಲ್ಲ ಅನ್ನೋ ಫಲ ಬಂತು, ಸ್ಪೆಲ್ಲಿಂಗಿನಷ್ಟಲ್ಲ.

'ಯು ಈಸ್' ಅನ್ನೋ ರೋಗಕ್ಕೆ ಮಾತ್ರ ಒಂದೇ ದಿನದಲ್ಲಿ ಮದ್ದು ಸಿಕ್ಕಿತು. ಹಿಂದೆ ಅವರಲ್ಲೂ ನೀನು, ನೀವು ಬೇರೆ ಬೇರೆ ಇದ್ದವು. ದೌ ಅಂದರೆ ನೀನು, ಯು ಅಂದರೆ ನೀವು. ನೀನು ಕಳೆದುಹೋಯಿತು, ಈಗ ನಾಯಿಗೂ ನೀವು ಅಂತಲೇ ಅಂತಾರೆ. 'ನೀವು ಇದ್ದಾನೆ' ಅಂತೀಯೇನೋ? ಇಲ್ಲ ತಾನೆ, ಹಾಗೇ 'ಯು ಈಸ್' ಕೂಡ ಇಲ್ಲ. ಮುಗೀತು.

ಮಾಡಿ ನೋಡುವವರಿಗೆ ಒಂದು ಮಾತು. ಊರಿನ ಹೆಸರುಗಳಿಗೆ ಇದನ್ನು ಹಚ್ಚೋಕೆ ಹೋಗಬೇಡಿ. ಗ್ರೆನಿಚ್‌ನ ಒಳಗಿನ ಡಬ್ಲ್ಯೂ, ವೂಸ್ಟರ್‌ನ ಮಧ್ಯದ ಅಕ್ಷರಗಳು ಬಾಯಲ್ಲಿ ತಾವಾಗೇ ಸವೆದು ಹೋಗಿವೆ. ಅವುಗಳ ಇತಿಹಾಸ ಹೇಳುತ್ತಾ ಕೂತರೆ ಒಂದು ಪೀರಿಯಡ್ ಪೂರ್ತಿ ಹೋಗುತ್ತೆ, ಪರೀಕ್ಷೆಗೆ ಮಾತ್ರ ಬರಲ್ಲ.