ಕುಂಟುವ ಕುದುರೆಗೆ ವರಾತ ಇಲ್ಲ: ಅಕ್ಕಲಕೋಟೆಯ ನನ್ನ ಅನುಭವ

ನೋವಿರುವ ಕುದುರೆ ಮೇಲೆ ಮದುಮಗನನ್ನು ಕೂರಿಸುವುದಿಲ್ಲ. ಈ ನಿಯಮ ಹಾಕಿಕೊಂಡೇ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆಯಲ್ಲಿ ವರಾತದ, ಅಂದ್ರೆ ಮದುವೆ ಮೆರವಣಿಗೆಗೆ ಕುದುರೆ ಕೊಡುವ, ಧಂದೆ ನಡೆಸುತ್ತಿದ್ದೇನೆ, ಈಗ ಲಾಭದಲ್ಲೂ ಇದ್ದೇನೆ. ಬಾಗಿಲು ಹಾಕ್ತಾನೆ ಅಂದವರೇ ಈಗ ಫೋನ್ ಮಾಡಿ ಹೇಗೆ ಅಂತ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನೋವು ತಿಳಿಯದಂತೆ ಮಾಡುವ ಸೂಜಿಯ ಮಾತು. ಸೀಜನ್‌ನಲ್ಲಿ ಕುದುರೆ ಕುಂಟಿದರೆ ನಮ್ಮಲ್ಲಿ ಏನು ನಡೆಯುತ್ತದೆ ಅಂತ ಈ ಧಂದೆಯವರಿಗೆಲ್ಲ ಗೊತ್ತು. ಸೊಲ್ಲಾಪುರದ ಕಡೆಯ ಕಾಕಾ ಒಬ್ಬರು ಹೇಳಿದ್ದರು: "ತಮ್ಮಾ, ಒಂದು ಸೂಜಿ ಹಾಕು. ರಾತ್ರಿ ಹನ್ನೊಂದರ ತನಕ ಕುದರಿ ಚಲೋ ನಡೀತದ."

"ನಡೀತದ ಕಾಕಾ, ಆದ್ರ ಪೆಟ್ಟು ಹೋಗಂಗಿಲ್ಲ. ಕುದರಿಗೆ ತಿಳಿಯಂಗಿಲ್ಲ, ಅಷ್ಟ" ಅಂದೆ.

ಕೆಟ್ಟ ಕಾಲಿನ ಮೇಲೆ ಭಾರ ಹಾಕಬೇಡ ಅಂತ ಕುದುರೆಗೆ ಹೇಳುವುದು ಆ ನೋವೊಂದೇ. ಅದರ ಬಾಯಿ ಮುಚ್ಚಿಸಿ ಡಾಂಬರಿನ ಮೇಲೆ ಎರಡು ತಾಸು ಕುಣಿಸಿದರೆ ಉಳುಕಿದ ಕಾಲು ಕಾಯಂ ಕೆಡಬಹುದು. ರೇಸ್ ಕುದುರೆಯ ಮೈಯಲ್ಲಿ ಇಂಥ ಔಷಧಿ ಸಿಕ್ಕರೆ ಗೆದ್ದದ್ದೂ ರದ್ದಾಗುತ್ತದೆ. ವರಾತದ ಕುದುರೆಯನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ, ನಾವೇ ಮಾಡಬೇಕು.

ವರಾತದ ಮುನ್ನಾ ದಿನ ಸಂಜೆ, ಡೋಲು ಡಿಜೆ ಇಲ್ಲದ ಕಡೆ ಕುದುರೆ ನೋಡುತ್ತೇನೆ. ಗಟ್ಟಿ ನೆಲದ ಮೇಲೆ ಸಣ್ಣ ಓಟ ಓಡಿಸಿ ತಲೆ ನೋಡಿ. ಮುಂಗಾಲು ನೋಯುತ್ತಿದ್ದರೆ ಆ ಕಾಲು ಊರಿದಾಗ ತಲೆ ಮೇಲೇಳುತ್ತದೆ, ಒಳ್ಳೆಯ ಕಾಲು ಊರಿದಾಗ ಕೆಳಗಿಳಿಯುತ್ತದೆ. ಆಮೇಲೆ ಗೊರಸಿನ ಮೇಲಿನ ಕಾಲುಗಂಟಿನ ಹಿಂಬದಿ ಬೆರಳಿಟ್ಟು ನಾಡಿ ಹಿಡಿಯಿರಿ. ಆರಾಮಿರುವ ಕುದುರೆಯ ನಾಡಿ ಅಲ್ಲಿ ಸಿಗುವುದೇ ಕಷ್ಟ. ಬೆರಳಿಗೆ ಟಕಟಕ ಬಡಿದರೆ ಗೊರಸಿನೊಳಗೆ ಉರಿ ಇದೆ ಅಂತಲೇ ತಿಳಿಯಿರಿ. ಕೊನೆಗೆ ಹಗುರ ಹುಡುಗನೊಬ್ಬನನ್ನು ಕೂರಿಸಿ ಮುಖ ನೋಡುತ್ತೇನೆ. ಇಂಗ್ಲೆಂಡಿನ ಕುದುರೆ ವೈದ್ಯೆ ಸ್ಯೂ ಡೈಸನ್ ಮತ್ತು ಜೊತೆಗಾರರು 2018ರಲ್ಲಿ ಸವಾರಿ ವೇಳೆ ಕುದುರೆಯ ನೋವು ಗುರುತಿಸಲು 24 ಲಕ್ಷಣಗಳ ಪಟ್ಟಿ ಕೊಟ್ಟರು. ಕಿವಿ ಐದು ಸೆಕೆಂಡ್ ಅಥವಾ ಜಾಸ್ತಿ ಹಿಂದಕ್ಕೆ ಮಲಗುವುದು, ಬಾಲ ಜೋರಾಗಿ ಬೀಸುವುದು, ಬಾಯಿ ಬಿಡುತ್ತಲೇ ಇರುವುದು, ಹೀಗೆ. ಎಂಟು ಅಥವಾ ಜಾಸ್ತಿ ಕಂಡರೆ ನೋವಿರುವ ಸಾಧ್ಯತೆ ಜಾಸ್ತಿ ಅಂತ ಅವರ ಲೆಕ್ಕ. ನಾನು ಮೂರು ಕಂಡರೇ ಇಳಿಸುತ್ತೇನೆ. ನಮ್ಮ ಕುದುರೆ ಸಹಿಸಿ ಸಹಿಸಿ ಮುಖ ಮುಚ್ಚಿಕೊಂಡಿರುತ್ತದೆ. ಸುಮ್ನೆ ನಿಂತಿದೆ ಅಂದ್ರೆ ಒಪ್ಪಿದೆ ಅಂತಲ್ಲ.

ಕಾಟೇರಿ, ಅಂದ್ರೆ ಬಾಯಿ ಚುಚ್ಚುವ ಮುಳ್ಳಿನ, ಲಗಾಮು ತೆಗೆದದ್ದು ಎಲ್ಲಕ್ಕಿಂತ ದೊಡ್ಡ ಜಗಳ. ಎಳೆಯುವ, ಹೊರುವ ಪ್ರಾಣಿಗಳಿಗೆ ಮುಳ್ಳಿನ ಲಗಾಮು 1965ರ ನಿಯಮದಲ್ಲೇ ನಿಷೇಧ. ಆದರೂ ಕುಣಿಯುವ ಕುದುರೆ ಬೇಕು ಅಂದ್ರೆ ಅದನ್ನೇ ಹಾಕುತ್ತಾರೆ. ಬಾಯಿ ಚುಚ್ಚಿದ್ದಕ್ಕೆ ಕಾಲೆತ್ತುತ್ತದೆ, ಜನ ಸೀಟಿ ಹೊಡೆಯುತ್ತಾರೆ. ನಾನು ಮೊದಲು ರಬ್ಬರಿನ ಲಗಾಮು ಹಾಕಿದೆ, ಕುದುರೆ ಅಗಿದು ತುಂಡು ಮಾಡಿತು. ಈಗ ಮೂಗಿನ ಮೇಲೆ ಬರುವ ಹಗ್ಗದ ಪಟ್ಟಿ. ಅದರ ಗಂಟು ಎಲ್ಲಿ ಹಾಕುತ್ತೇನೆ ಅನ್ನುವುದು ಮಾತ್ರ ಇಲ್ಲಿ ಹೇಳುವುದಿಲ್ಲ, ಅದು ನನ್ನ ಅನ್ನ. ಕುಣಿತ ಮಾತ್ರ ಇಲ್ಲ. ಕುಣಿತವೇ ಬೇಕು ಅನ್ನುವವರಿಗೆ ಬೇರೆ ನಂಬರ್ ಕೂಡ ಕೊಡುವುದಿಲ್ಲ.

ಭಾರ ಇನ್ನೊಂದು. ಕುದುರೆ ತೂಕದ ಐದರಲ್ಲಿ ಒಂದು ಪಾಲು, ಜೀನು ಸೇರಿಸಿ, ಅದಕ್ಕಿಂತ ಜಾಸ್ತಿ ಬೇಡ. ನನ್ನ ಚಂದ್ರಿ ಸುಮಾರು 350 ಕೆಜಿ. ಅಂದ್ರೆ 70. ಮದುಮಗ 90 ಕೆಜಿ ಇದ್ದರೆ ಬುಕಿಂಗ್ ಮಾಡುವಾಗಲೇ ಹೇಳಿಬಿಡುತ್ತೇನೆ. ದೊಡ್ಡ ಕುದುರೆ ಸಿಕ್ಕರೆ ಸರಿ, ಇಲ್ಲಾಂದ್ರೆ ಅವನು ನಡೆಯುತ್ತಾನೆ, ಕುದುರೆ ಪಕ್ಕದಲ್ಲಿ ಶೃಂಗಾರ ಮಾಡಿಕೊಂಡು ಬರುತ್ತದೆ. ಮೊದಲ ವರ್ಷ ಬೈದರು. ಈಗ ಹಾಗೇ ಬೇಕು ಅಂತ ಕೇಳುವ ಮನೆಗಳೂ ಇವೆ.

ನಡುವೆ ಜೀನಿನ ಪ್ರಯೋಗ. ಜೀನಿನ ಕೆಳಗೆ ಹಾಕುವ ಜೆಲ್ ಪ್ಯಾಡ್‌ಗೆ ಆರು ಸಾವಿರದ ಹತ್ತಿರ ಸುರಿದೆ, ನಮ್ಮ ಬಿಸಿಲಿಗೆ ಬೆನ್ನು ಬೆಂದಂತಾಯಿತು. ಕೊನೆಗೆ ಹಳೆ ಸೋಲಾಪುರಿ ಚಾದರ ನಾಲ್ಕು ಮಡಿಕೆ. ಜೀನು ತೆಗೆದಾಗ ಬೆವರಿನ ನಡುವೆ ಒಣಗಿದ ತೇಪೆ ಕಂಡರೆ ಅಲ್ಲಿ ಒತ್ತುತ್ತಿರಬಹುದು ಅಂತ ಅರ್ಥ. ಆ ಜಾಗದ ಸುತ್ತ ಮಡಿಕೆ ಬದಲಿಸುತ್ತಾ ಹೋದೆ, ತೇಪೆ ಹೋಯಿತು. ಹೆಗಲ ಗುಡ್ಡೆಯ ಮೇಲೆ ಬಿಳಿ ಕೂದಲು ಇರುವ ಕುದುರೆಯನ್ನು ಮಾಳೇಗಾಂವದ ಕುದುರೆ ಜಾತ್ರೆಯಲ್ಲಿ ಯಾರಾದರೂ ತೋರಿಸಿದರೆ, ಆ ಬಿಳಿ ಕೂದಲು ಹೇಗೆ ಬಂತು ಅಂತ ಕೇಳಿ. ಅದು ಬಹಳ ಸಲ ಹಳೆ ಜೀನಿನ ಹುಣ್ಣಿನ ಗುರುತು.

ಈಗ ದುಡ್ಡು. ಮೊದಲ ಸೀಜನ್ ಮೂರನೇ ಒಂದು ಭಾಗ ಬುಕಿಂಗ್ ಹೋಯಿತು, ಅರವತ್ತು-ಎಪ್ಪತ್ತು ಸಾವಿರ ಕಮ್ಮಿ ಬಿತ್ತು. ಕುದುರೆ ಕುಂಟಿದರೆ ಮುಂಗಡ ವಾಪಸ್ ಅಂತ ಚೀಟಿಯಲ್ಲೇ ಬರೆದುಕೊಟ್ಟೆ, ಒಂದು ಬದಲಿ ಕುದುರೆ ಇಟ್ಟೆ. ಬುಕಿಂಗ್ ಹೋಗುವುದು ನಿಂತಿತು. ಮೊದಲು ಒಂದು ವರಾತಕ್ಕೆ ಐದು ಸಾವಿರ ತೆಗೆದುಕೊಳ್ಳುತ್ತಿದ್ದೆ, ಈಗ ಏಳೂವರೆ, ಯಾರೂ ಚೌಕಾಸಿ ಮಾಡುವುದಿಲ್ಲ. ಕುದುರೆಗಳು ಜಾಸ್ತಿ ವರ್ಷ ಬಾಳುತ್ತಿವೆ, ವೈದ್ಯರ ಖರ್ಚು ಅರ್ಧ ಇಳಿದಿದೆ.

ಉಳಿದದ್ದು ಮುದಿ ಕುದುರೆ. ಕೆಲಸಕ್ಕೆ ಬರದ ಕುದುರೆಯನ್ನು ಮಾರಿದರೆ ಅದು ಇನ್ನೊಬ್ಬನ ಸೂಜಿಗೇ ಹೋಗುತ್ತದೆ, ಅಲ್ವಾ? ಹಾಗಾಗಿ ಪ್ರತಿ ವರಾತದಿಂದ ಐನೂರು ಬೇರೆ ಡಬ್ಬಿಗೆ ಹಾಕುತ್ತೇನೆ. ನನ್ನ ಎರಡು ಮುದಿ ಹೆಣ್ಣು ಕುದುರೆಗಳ ಕಣಿಕೆ, ಹುರುಳಿ, ಲಾಳ ಹೊಡೆಯುವ ನಾಲಬಂದನ ಕೂಲಿ ಸೇರಿ ತಿಂಗಳಿಗೆ ಎಂಟು ಸಾವಿರದ ಆಸುಪಾಸು ಆಗುತ್ತದೆ. ಸೀಜನ್‌ನಲ್ಲಿ ಡಬ್ಬಿ ಸಾಕಾಗುತ್ತದೆ. ಮಳೆಗಾಲದಲ್ಲಿ ಕೈಯಿಂದ ಹಾಕುತ್ತೇನೆ.