ಉಂಗುರದ ರೀಡಿಂಗ್ ಇಳಿಸಿದ್ದು ಹೀಗೆ: ಹಾಟ್ ಲ್ಯಾಬ್‌ನ ನನ್ನ ಅನುಭವ

ಹಾಟ್ ಲ್ಯಾಬ್ ಅಂದರೆ ಸ್ಕ್ಯಾನ್‌ಗೆ ಕೊಡುವ ವಿಕಿರಣಶೀಲ ಔಷಧಿಯ ಡೋಸ್ ತಯಾರಿಸುವ ಆಸ್ಪತ್ರೆಯ ಕೋಣೆ. ಅದನ್ನು ಎಳೆಯುವ ಸಿರಿಂಜಿಗೆ ತೊಡಿಸುವ ಲೋಹದ ಕವಚವೇ ಶೀಲ್ಡ್. "ಶೀಲ್ಡ್ ಹಾಕ್ಕೊಂಡು ಡೋಸ್ ಎಳೆದರೆ ಕೈ ನಿಧಾನ ಆಗುತ್ತೆ, ನಿಧಾನ ಆದಷ್ಟೂ ರೇಡಿಯೇಶನ್ ಜಾಸ್ತಿ." ನಮ್ಮ ಹಿರಿಯರ ಈ ಮಾತಿಗೆ ತಲೆಯಾಡಿಸುತ್ತಲೇ ಎಷ್ಟೋ ವರ್ಷ ಕಳೆದೆವು. ಲೆಕ್ಕ ಹಾಕಿದರೆ ಮಾತು ನಿಲ್ಲುವುದಿಲ್ಲ. ಟೆಕ್ನೀಶಿಯಂನ 140 ಕೆಇವಿ (ಕಿರಣದ ಶಕ್ತಿಯ ಅಳತೆ) ಗಾಮಾ ಕಿರಣದಲ್ಲಿ ಶೀಲ್ಡಿನ ಎರಡು ಮಿಲಿಮೀಟರ್ ಟಂಗ್‌ಸ್ಟನ್ ದಾಟಿ ಬರುವುದು ನೂರಕ್ಕೆ ಒಂದೂ ಇಲ್ಲ. ಮೂರು ಪಟ್ಟು ಹೊತ್ತು ಹಿಡಿದರೂ ಗೆಲ್ಲುವುದು ಶೀಲ್ಡೇ.

ಬೆರಳಿಗೆ ಬಿದ್ದ ರೇಡಿಯೇಶನ್ ಅಳೆಯುವ ನನ್ನ ಉಂಗುರದ ಟಿಎಲ್‌ಡಿ ಮೂರು ತಿಂಗಳಿಗೆ ಮೂವತ್ತು ಮಿಲಿಸೀವರ್ಟ್ (ದೇಹಕ್ಕೆ ಬಿದ್ದ ರೇಡಿಯೇಶನ್ನಿನ ಅಳತೆ) ಆಸುಪಾಸು ತೋರಿಸುತ್ತಿತ್ತು. ವರ್ಷಕ್ಕೆ ನೂರಿಪ್ಪತ್ತು. ಕೈಗೆ ವರ್ಷದ ಮಿತಿ 500, ಇನ್ನೇನು ಚಿಂತೆ ಎಂದರು. ಆದರೆ ಉಂಗುರ ಇರುವುದು ಬೆರಳಿನ ಬುಡದಲ್ಲಿ. ತುದಿಗೆ ಬೀಳುವುದು ಸುಮಾರು ಆರು ಪಟ್ಟು ಅಂತ ಯುರೋಪಿನ ಒರಾಮೆಡ್ ಅಧ್ಯಯನ ಹೇಳಿದೆ. ಗುಣಿಸಿ ನೋಡಿ, ಮಿತಿ ಎಲ್ಲಿ ಉಳಿಯಿತು?

ಮೊದಲು ಹಿಡಿದ ದಾರಿಗಳೆಲ್ಲ ಹಳ್ಳ ಹಿಡಿದವು. ಸೀಸದ ಕೈಗವಸು ತರಿಸಿದೆವು. ಅದನ್ನು ಹಾಕಿಕೊಂಡು ವಯಲ್ (ಔಷಧಿಯ ಪುಟ್ಟ ಗಾಜಿನ ಬಾಟಲಿ) ಹಿಡಿಯುವುದೇ ಸರ್ಕಸ್. ಆ ಹತ್ತೆಂಟು ಸಾವಿರ ಇವತ್ತಿಗೂ ಕಪಾಟಿನಲ್ಲಿದೆ. ಉದ್ದ ಚಿಮಟ ತಂದೆವು, ವಯಲ್ ಜಾರತೊಡಗಿತು. ಕೊನೆಗೆ ಟಂಗ್‌ಸ್ಟನ್ ಶೀಲ್ಡ್‌ಗೆ ಬಂದೆವು. ಒಂದಕ್ಕೆ ಮೂವತ್ತು ನಲವತ್ತು ಸಾವಿರ ಎಂದಾಗ ಆಡಳಿತದವರು ಮುಖ ತಿರುಗಿಸಿದರು. ಎರಡು ಸಿಕ್ಕವು, ಐದು ಕೇಳಿದ್ದೆ.

ಶೀಲ್ಡ್ ಬಂದ ಮೇಲೂ ರೀಡಿಂಗ್ ನಾವೆಣಿಸಿದಷ್ಟು ಇಳಿಯಲಿಲ್ಲ. ಎಲ್-ಬ್ಲಾಕ್ ಎಂಬ ಸೀಸದ ಅಡ್ಡಗೋಡೆಯ ಹಿಂದೆ ನಿಂತು ಗಮನಿಸಿದೆ. ಕೈಗೆ ರೇಡಿಯೇಶನ್ ಬೀಳುತ್ತಿದ್ದುದು ಡೋಸ್ ಎಳೆಯುವಾಗ ಅಲ್ಲ, ಅದರ ಪ್ರಮಾಣ ಅಳೆಯುವ ಕ್ಯಾಲಿಬ್ರೇಟರ್‌ಗೆ ಓಡಾಡುವಾಗ. ಇಪ್ಪತ್ತು ಮಿಲಿಕ್ಯೂರಿ (ವಿಕಿರಣಶೀಲತೆಯ ಅಳತೆ) ಬೇಕು, ಹದಿನಾರು ಬಂತು. ಮತ್ತೆ ಎಳಿ, ಮತ್ತೆ ಶೀಲ್ಡ್ ಬಿಚ್ಚು, ಮತ್ತೆ ಅಳೆ. ಪಾಯಿಂಟ್ ಎರಡು ಎಂಎಲ್ ಎಳೆಯುವಾಗ ಪಾಯಿಂಟ್ ಸೊನ್ನೆ ಐದು ತಪ್ಪಿದರೆ ಕಾಲು ಭಾಗವೇ ತಪ್ಪಿದಂತೆ. ಹಾಗಾಗಿ ಮೂಳೆ ಸ್ಕ್ಯಾನಿನ ಎಂಡಿಪಿ ಔಷಧಿಯ ಕಿಟ್ಟನ್ನು ಅದರ ಚೀಟಿ ಹೇಳುವ ಮಿತಿಯೊಳಗೇ ಹೆಚ್ಚು ಎಂಎಲ್ ದ್ರವದಲ್ಲಿ ಕಲಸಿದೆ; ಎಳೆಯುವ ಎಂಎಲ್ ಹೆಚ್ಚಾದರೆ ಅಷ್ಟೇ ತಪ್ಪು ಚಿಕ್ಕದಾಗುತ್ತದೆ. ಬೆಳಿಗ್ಗೆಯೇ ಔಷಧಿಯ ವಿಕಿರಣಶೀಲತೆ ಗಂಟೆಗಂಟೆಗೆ ಎಷ್ಟು ಇಳಿಯುತ್ತದೆ ಎಂಬ ಡಿಕೇ ಚಾರ್ಟ್ ಗೋಡೆಗೆ ಅಂಟಿಸಿದೆ. ಒಂದೇ ಸಲ ಎಳೆಯುವುದು, ಒಂದೇ ಸಲ ಅಳೆಯುವುದು. ಬಹುತೇಕ ದಿನ ಹೊಂದಿಕೆಯಾಗುತ್ತದೆ.

ಶೀಲ್ಡ್‌ನ ಗಾಜಿನಲ್ಲಿ ಸಿರಿಂಜಿನ ಗೆರೆ ಕಾಣುವುದಿಲ್ಲ ಅಂತ ಎಲ್ಲರೂ ಗೊಣಗುತ್ತಾರೆ. ಅದಕ್ಕೆ ನನ್ನದೊಂದು ಉಪಾಯ ಇದೆ, ಅದನ್ನಿಲ್ಲಿ ಬರೆಯುವುದಿಲ್ಲ. ಲ್ಯಾಬಿಗೆ ಬಂದವರಿಗೆ ತೋರಿಸುತ್ತೇನೆ.

ಕಡೆಯ ಹನಿಗಾಗಿ ವಯಲ್ಲನ್ನು ಕೈಯಲ್ಲೇ ತಲೆಕೆಳಗು ಮಾಡುವ ಚಾಳಿ ಬಿಡಿಸಲು ಪೀಣ್ಯದ ಒಂದು ಲೇತ್ ಅಂಗಡಿಗೆ ಹೋದೆ. ವಯಲ್ ಇಡುವ ಸೀಸದ ಪಾಟನ್ನು ಓರೆಯಾಗಿ ಹಿಡಿದಿಡುವ ಸ್ಟ್ಯಾಂಡ್ ಮಾಡಿಕೊಟ್ಟರು, ಎರಡೂವರೆ ಸಾವಿರದೊಳಗೆ. ಆರ್‌ಎಸ್‌ಓ (ವಿಕಿರಣ ಸುರಕ್ಷತಾ ಅಧಿಕಾರಿ) ಸರ್ವೇ ಮೀಟರ್ ಹಿಡಿದು ಸುತ್ತ ಪರೀಕ್ಷಿಸಿ ಒಪ್ಪಿದ ಮೇಲೇ ಬಳಸಿದ್ದು. ವಿದೇಶಿ ಡಿಸ್ಪೆನ್ಸರ್ ಯಂತ್ರ ತೋರಿಸಿದ ಪ್ರತಿನಿಧಿಗೆ ಈ ಸ್ಟ್ಯಾಂಡ್ ತೋರಿಸಿದೆ; ನಕ್ಕ, ಆಮೇಲೆ ಫೋಟೋ ತೆಗೆದುಕೊಂಡ.

ನಡುವೆ ಒಂದು ಹುಚ್ಚು ಪ್ರಯೋಗ. ಹೊಸಬರಿಗೆ ವಿಕಿರಣಶೀಲ ಔಷಧಿ ಇಲ್ಲದೆ ಕೈ ಪಳಗಿಸಬೇಕಿತ್ತು. ಮೊದಲು ಅರಿಶಿನದ ನೀರು. ಗವಸು, ಟೇಬಲ್ ಎಲ್ಲ ಹಳದಿಯಾಗಿ ಯಾವ ಕಲೆ ಯಾವಾಗಿನದೋ ತಿಳಿಯದೆ ಹೋಯಿತು. ಆಮೇಲೆ ಟಾನಿಕ್ ವಾಟರ್ ತಂದೆ. ಅದರ ಕ್ವಿನೈನ್ ಯುವಿ ಬೆಳಕಿಗೆ ನೀಲಿಯಾಗಿ ಹೊಳೆಯುತ್ತದೆ. ಗ್ಯಾಸ್ ಪೂರ್ತಿ ಹೋಗಲು ರಾತ್ರಿಯಿಡೀ ಬಾಟಲಿ ತೆರೆದಿಟ್ಟು, ಹಳೆಯ ಖಾಲಿ ವಯಲ್‌ಗೆ ತುಂಬಿ, ಮೂರ್ನಾಲ್ಕು ನೂರರ ಯುವಿ ಟಾರ್ಚ್ ಹಿಡಿದೆವು. ದೀಪ ಆರಿಸಿದರೆ ತೋರುಬೆರಳು, ಕ್ಯಾಪು, ಬಾಗಿಲ ಹಿಡಿಕೆ ಎಲ್ಲ ಹೊಳೆಯುತ್ತಿತ್ತು! ಸಿಡಿಯುತ್ತಿದ್ದುದು ಬಹುಪಾಲು ವಯಲ್‌ಗೆ ಗಾಳಿ ಜಾಸ್ತಿ ತುಂಬಿ ಒತ್ತಡ ಏರಿಸಿದವರದ್ದು. ಎಳೆಯುವ ಔಷಧಿಗಿಂತ ಗಾಳಿ ಒಂದಿಷ್ಟು ಕಮ್ಮಿಯೇ ಇರಲಿ ಎಂದೆ. ಮುಂದಿನ ವಾರವೇ ವ್ಯತ್ಯಾಸ ಕಂಡಿತು.

ಈಗ ಉಂಗುರ ಮೂರು ತಿಂಗಳಿಗೆ ಆರೇಳು ತೋರಿಸುತ್ತದೆ, ಅದೂ ರೋಗಿಗಳು ಹೆಚ್ಚಾದ ಮೇಲೆ. ಸಂಶಯಪಟ್ಟ ಹಿರಿಯರೂ ಈಗ ಶೀಲ್ಡ್ ಹುಡುಕುತ್ತಾರೆ, ಇರುವುದೇ ಎರಡು ಎಂಬುದೇ ಜಗಳ.

ಪೆಟ್ ಸ್ಕ್ಯಾನ್ ಕಡೆಯವರು ಇದನ್ನೇ ನಕಲು ಮಾಡಬೇಡಿ. ಅಲ್ಲಿ ಬಳಸುವ ಫ್ಲೋರಿನ್-18ರದು 511 ಕೆಇವಿ, ಈ ತೆಳು ಶೀಲ್ಡ್ ಅದರೆದುರು ನಿಲ್ಲದು. ದಪ್ಪ ಶೀಲ್ಡ್‌ಗೆ ಕೊಟೇಶನ್ ಹಾಕಿಸಿದ್ದೇನೆ, ಕಡತ ಅಕೌಂಟ್ಸ್ ಮೇಜಿನ ಮೇಲಿದೆ.