ಸಹಿ ಹಾಕುವ ಮುನ್ನ: ಅಮೆರಿಕದ ಹಲ್ಲಿನ ಕ್ಲಿನಿಕ್ಕಿನಲ್ಲಿ ಮಗುವನ್ನು ಕಟ್ಟಿ ಮಲಗಿಸುವ ವಿಚಾರ

ಬೆಳಿಗ್ಗೆ ಆರೂವರೆಗೆ ಜಯನಗರದ ನಮ್ಮ ಮನೆಯಲ್ಲಿ ಫೋನ್ ಬಂತೆಂದರೆ ಅದು ಕ್ಯಾಲಿಫೋರ್ನಿಯಾದಿಂದಲೇ. ಹೋದ ವಾರ ಅಕ್ಕನ ಮಗಳು ಮಾಡಿದ್ದಳು. ನಾಲ್ಕು ವರ್ಷದ ಮಗನಿಗೆ ಐದು ಹಾಲುಹಲ್ಲು ಹುಳುಕಾಗಿವೆಯಂತೆ. ಕ್ಲಿನಿಕ್ಕಿನವರು ಕೊಟ್ಟ ಫಾರಂಗಳ ನಡುವೆ ಒಂದು ಸಾಲು: 'ಪ್ರೊಟೆಕ್ಟಿವ್ ಸ್ಟೆಬಿಲೈಸೇಶನ್‌ಗೆ ನನ್ನ ಒಪ್ಪಿಗೆ ಇದೆ.'

"ಹಾಗಂದ್ರೇನು ಚಿಕ್ಕಮ್ಮ? ಸಹಿ ಹಾಕ್ಲಾ?"

16 ವರ್ಷದ ಹಿಂದೆ ನ್ಯೂಜೆರ್ಸಿಯಲ್ಲಿ ಅಂಥದೇ ಸಾಲಿನ ಕೆಳಗೆ ನಾನು ಓದದೆ ಸಹಿ ಹಾಕಿದ್ದೆ. ಡಾಕ್ಟರು ಕೊಟ್ಟ ಕಾಗದ, ಓದುವುದೇನಿದೆ ಎಂದುಕೊಂಡಿದ್ದೆ. ಅಪ್ಪ ಅಮ್ಮ ಹೊರಗೇ ಇರಬೇಕು ಎಂದರು, ಇದ್ದೆ. ಬಾಗಿಲಾಚೆಯಿಂದ ನನ್ನ ಮಗ "ಅಮ್ಮಾ ಬಿಡ್ಸು, ಅಮ್ಮಾ ಬಿಡ್ಸು" ಎಂದು ಕೂಗಿದ್ದು ಇವತ್ತಿಗೂ ಕಿವಿಯಲ್ಲಿದೆ. ಹೊರಗೆ ಬಂದಾಗ ಅಂಗಿಯೆಲ್ಲ ಬೆವರಿನಿಂದ ಒದ್ದೆ. ಕಾರಿನಲ್ಲಿ ನನ್ನ ಮುಖ ನೋಡಲಿಲ್ಲ. ಆಮೇಲೆ ಎಂಟು ವರ್ಷ ಅವನು ಯಾವ ಹಲ್ಲಿನ ಡಾಕ್ಟರ ಮುಂದೆಯೂ ಬಾಯಿ ತೆರೆಯಲಿಲ್ಲ. ಆ ಎಂಟು ವರ್ಷದಲ್ಲಿ ಇನ್ನೆರಡು ಹಲ್ಲು ಹೋದವು, ಅವು ಹಾಲುಹಲ್ಲಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆ ಪದದ ಅರ್ಥ ಮೊದಲು. ಪ್ರೊಟೆಕ್ಟಿವ್ ಸ್ಟೆಬಿಲೈಸೇಶನ್ ಎಂದರೆ ಚಿಕಿತ್ಸೆಯ ಹೊತ್ತಿನಲ್ಲಿ ಮಗು ಅಲುಗಾಡದ ಹಾಗೆ ಹಿಡಿಯುವುದು. ಅದರಲ್ಲಿ ಎರಡು ಬಗೆ. ನೀವೋ ಅಲ್ಲಿನ ಅಸಿಸ್ಟೆಂಟೋ ಕೈಕಾಲು ತಲೆ ಹಿಡಿದುಕೊಳ್ಳುವುದು ಒಂದು. ಇನ್ನೊಂದು ಪಪೂಸ್ ಬೋರ್ಡ್: ಮಗು ಮಲಗುವಷ್ಟು ಉದ್ದದ ಹಲಗೆ, ಅದಕ್ಕೆ ಎರಡೂ ಕಡೆ ದಪ್ಪ ಬಟ್ಟೆಯ ರೆಕ್ಕೆಗಳು. ಎದೆ, ಹೊಟ್ಟೆ, ಕಾಲಿನ ಮೇಲೆ ಸುತ್ತಿ ವೆಲ್ಕ್ರೋ ಅಂಟಿಸುತ್ತಾರೆ, ಕೈ ಒಳಗೆ ಉಳಿಯುತ್ತದೆ. ಮಕ್ಕಳ ಮುಂದೆ ಇದಕ್ಕೆ 'ಹಗ್ ಬ್ಲಾಂಕೆಟ್' ಎಂಬಂಥ ಮುದ್ದಿನ ಹೆಸರೂ ಇರುವುದುಂಟು. ಹೆಸರು ಕೇಳಿ ಕಂಬಳಿ ಎಂದುಕೊಳ್ಳಬೇಡಿ. ನಿಮಗೆ ಅದನ್ನೊಮ್ಮೆ ತೋರಿಸಿ ಎಂದು ಕೇಳಿ, ತೋರಿಸುತ್ತಾರೆ.

ಇದು ಅಲ್ಲಿ ಕಾನೂನುಬಾಹಿರವಲ್ಲ. ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ ಡೆಂಟಿಸ್ಟ್ರಿ ಎಂಬ ಮಕ್ಕಳ ಹಲ್ಲಿನ ವೈದ್ಯರ ಸಂಘ ಇದನ್ನು ಒಪ್ಪುತ್ತದೆ, ಆದರೆ ಗೆರೆ ಎಳೆದು ಒಪ್ಪುತ್ತದೆ. ಮುಖ ಊದಿಕೊಂಡಿದೆ, ಬಿದ್ದು ಹಲ್ಲು ಮುರಿದಿದೆ, ತಕ್ಷಣ ನೋಡಲೇಬೇಕು, ಮಗುವಿಗೆ ಸಹಕರಿಸುವ ವಯಸ್ಸಾಗಿಲ್ಲ: ಇಂಥ ಹೊತ್ತಿಗೆ ಕೆಲವು ನಿಮಿಷ ಹಿಡಿಯುವುದರಲ್ಲಿ ಅರ್ಥವಿದೆ, ನಾನೂ ಹಿಡಿಯುತ್ತೇನೆ. ಆದರೆ ಡಾಕ್ಟರ ಅನುಕೂಲಕ್ಕೆ ಕಟ್ಟುವ ಹಾಗಿಲ್ಲ, ಶಿಕ್ಷೆಯಾಗಿ ಕಟ್ಟುವ ಹಾಗಿಲ್ಲ. ಹಿಂದೊಮ್ಮೆ ಹಿಡಿಸಿಕೊಂಡು ಬೆದರಿದ ಮಗುವಿಗೆ ಇದು ಸಲ್ಲ ಎಂದೂ ಅವರ ಮಾರ್ಗಸೂಚಿ ಹೇಳುತ್ತದೆ. ಏಕೆ ಕಟ್ಟಿದರು, ಯಾವುದರಿಂದ, ಎಷ್ಟು ಹೊತ್ತು ಎಂಬುದೆಲ್ಲ ಮಗುವಿನ ದಾಖಲೆಯಲ್ಲಿ ಬರೆದಿರಬೇಕು. ಇಂಥ ಪದ್ಧತಿಗಳು ಕಾಲಕ್ಕೆ ತಕ್ಕಂತೆ ಬದಲಾಗಿವೆ ಕೂಡ. ಕೂಗುವ ಮಗುವಿನ ಬಾಯಿಗೆ ಕೈ ಅಡ್ಡ ಹಿಡಿದು ಸುಮ್ಮನಾಗಿಸುವ ಕ್ರಮ ಅದೇ ಸಂಘದ ಮಾರ್ಗಸೂಚಿಯಲ್ಲಿತ್ತು, 2006ರಲ್ಲಿ ಅದನ್ನು ತೆಗೆದುಹಾಕಿದರು.

ಇನ್ನು ಸಹಿ. ಜ್ವರ, ಅಲರ್ಜಿ, ಇನ್ಶೂರೆನ್ಸ್ ನಂಬರು ಬರೆಸಿಕೊಳ್ಳುವ ಮೊದಲ ದಿನದ ಫಾರಂಗಳ ಕಟ್ಟಿನಲ್ಲೇ ಈ ಒಪ್ಪಿಗೆಯೂ ಸೇರಿರಬಹುದು. ಆ ಒಂದು ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ 'ಮೊದಲು ನನ್ನೊಂದಿಗೆ ಮಾತಾಡಿ' ಎಂದು ಇಂಗ್ಲಿಷಿನಲ್ಲಿ ಬರೆದು, ಉಳಿದದ್ದಕ್ಕೆ ಸಹಿ ಹಾಕಬಹುದು. ಅದರಿಂದ ಯಾರ ವೀಸಾಕ್ಕೂ ಏನೂ ಆಗುವುದಿಲ್ಲ. ಈ ಹೆದರಿಕೆಯನ್ನೂ ನನ್ನ ಹತ್ತಿರ ಹೇಳಿಕೊಂಡವರಿದ್ದಾರೆ. ಕೊಟ್ಟ ಒಪ್ಪಿಗೆಯನ್ನು ನಡುವೆ ಹಿಂತೆಗೆದುಕೊಳ್ಳುವ ಹಕ್ಕೂ ನಿಮಗಿದೆ. "ಸ್ಟಾಪ್" ಎಂದರೆ ಹಲ್ಲನ್ನು ಅಪಾಯವಿಲ್ಲದ ಸ್ಥಿತಿಗೆ ತಂದು ನಿಲ್ಲಿಸಬೇಕು. ಆದರೆ ಹಾಗೆನ್ನಲು ನೀವು ಒಳಗಿರಬೇಕು. ಅಪ್ಪ ಅಮ್ಮನನ್ನು ಒಳಗೆ ಬಿಡುವುದೋ ಬೇಡವೋ ಎಂಬುದರಲ್ಲಿ ಒಂದೊಂದು ಕ್ಲಿನಿಕ್ಕಿನದು ಒಂದೊಂದು ಪದ್ಧತಿ. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗ ಫೋನಿನಲ್ಲೇ ಕೇಳಿ. ಬಿಡುವುದಿಲ್ಲ ಎಂದರೆ ಬೇರೆ ಕಡೆ ಹೋಗಿ.

ಒಳಗಿರಬೇಕು ಎನ್ನಲು ನನಗೆ ಇನ್ನೊಂದು ಕಾರಣವಿದೆ, ಅದು ಕನ್ನಡದ ಮನೆಗಳದ್ದೇ ಕಾರಣ. ಮಕ್ಕಳ ಹಲ್ಲಿನ ವೈದ್ಯರು ಮೊದಲು ಕಲಿಯುವ ವಿದ್ಯೆ 'ಟೆಲ್ ಶೋ ಡೂ': ಹೇಳು, ತೋರಿಸು, ಆಮೇಲೆ ಮಾಡು. ಉಪಕರಣವನ್ನು ಮಗುವಿನ ಉಗುರಿನ ಮೇಲೆ ಆಡಿಸಿ, ಇದು ಹೀಗೆ ಗುಂಯ್ ಅನ್ನುತ್ತದೆ ಎಂದು ಹೇಳಿ, ಅನಂತರ ಬಾಯಿಗೆ ತರುವುದು. ಅದಷ್ಟೂ ನಡೆಯುವುದು ಮಾತಿನಲ್ಲಿ. ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಕೇಳದ, ಇನ್ನೂ ಪ್ರೀಸ್ಕೂಲ್ ಸೇರದ ಮೂರು ವರ್ಷದ ಕೂಸಿಗೆ ಆ ಇಂಗ್ಲಿಷ್ ಬರೀ ಸದ್ದು. ಮುಖಕ್ಕೆ ಮಾಸ್ಕ್ ಹಾಕಿದ ಹೊಸ ಮನುಷ್ಯ ಏನೋ ಹೇಳುತ್ತಾನೆ, ಏನೋ ಬಾಯಿಗೆ ತರುತ್ತಾನೆ. ಅಳದೆ ಏನು ಮಾಡೀತು? ಆಗ ಚಾರ್ಟಿನಲ್ಲಿ ಫ್ರ್ಯಾಂಕಲ್ ಅಳತೆಯ ಅತಿ ಕೆಳಗಿನ ಅಂಕ ಬೀಳುತ್ತದೆ. 1962ರಿಂದ ಬಳಕೆಯಲ್ಲಿರುವ, ಮಗುವಿನ ವರ್ತನೆಯನ್ನು ನಾಲ್ಕು ಮೆಟ್ಟಿಲಲ್ಲಿ ಅಳೆಯುವ ಕ್ರಮ ಅದು. 1 ಎಂದರೆ ಪೂರ್ತಿ ವಿರೋಧ, 4 ಎಂದರೆ ಪೂರ್ತಿ ಸಹಕಾರ. ಭಾಷೆ ಅರ್ಥವಾಗದೆ ಅತ್ತ ಮಗುವಿಗೂ ಹಟದಿಂದ ಒದ್ದಾಡಿದ ಮಗುವಿಗೂ ಸಿಗುವುದು ಅದೇ 1, ಮುಂದಿನ ಮಾತು ಹಲಗೆಯದೋ ಮತ್ತಿನದೋ ಆಗುತ್ತದೆ. ನೀವು ಪಕ್ಕದಲ್ಲಿ ನಿಂತು "ನೋಡು ಪುಟ್ಟ, ಈಗ ಮಾಮ ನಿನ್ನ ಹಲ್ಲು ಎಣಿಸ್ತಾರೆ" ಎಂದು ಕನ್ನಡದಲ್ಲಿ ಹೇಳಿ. ಅಜ್ಜಿ ತಾತ ಕರೆದುಕೊಂಡು ಹೋಗುವುದಾದರೆ ಕನ್ನಡ ದುಭಾಷಿ ಬೇಕೆಂದು ಮೊದಲೇ ತಿಳಿಸಿ. ಕೇಂದ್ರ ಸರ್ಕಾರದ ಹಣ ಪಡೆಯುವ ಆಸ್ಪತ್ರೆ, ಕ್ಲಿನಿಕ್ಕುಗಳು ಅದನ್ನು ಬಿಟ್ಟಿಯಾಗಿ ಒದಗಿಸಬೇಕು, ಫೋನಿನಲ್ಲಾದರೂ ಸರಿ.

ಕಟ್ಟುವುದು ಬೇಡವೆಂದರೆ ಮತ್ತೇನು? ಅಕ್ಕನ ಮಗಳಿಗೆ ನಾನು ಹೇಳಿದ್ದು: ಮೊದಲು "ಇವತ್ತೇ ಮಾಡಬೇಕಾ?" ಎಂದು ಕೇಳು. ನೋವಿಲ್ಲದ ಸಣ್ಣ ಹುಳುಕಾದರೆ ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವವನ್ನು ಕುಂಚದಿಂದ ಹಚ್ಚಿ ಹುಳುಕನ್ನು ತಡೆದು ನಿಲ್ಲಿಸಲು ನೋಡಬಹುದು. ಕೊರೆಯುವುದಿಲ್ಲ, ಸೂಜಿಯಿಲ್ಲ. ಹುಳುಕಾದ ಜಾಗ ಶಾಶ್ವತವಾಗಿ ಕಪ್ಪಾಗುತ್ತದೆ, ಅಷ್ಟೇ. ಮುಂದಿನ ಹಲ್ಲಾದರೆ ಅತ್ತೆಯವರು ಬೇಸರಪಟ್ಟಾರು, ಪಡಲಿ, ಮಗು ಬೆಳೆಯುವುದಕ್ಕೆ ಒಂದೆರಡು ವರ್ಷ ಸಿಗುತ್ತದೆ. ದವಡೆಯ ಹಲ್ಲಿಗೆ ಕೊರೆಯದೆ ಸ್ಟೀಲ್ ಟೋಪಿ ಕೂರಿಸುವ, ಸ್ಕಾಟ್ಲೆಂಡಿನಿಂದ ಬಂದ ಹಾಲ್ ವಿಧಾನವೂ ಇದೆ.

ನಗೆ ಅನಿಲ, ಅಂದರೆ ನೈಟ್ರಸ್ ಆಕ್ಸೈಡ್, ಮೂಗಿನ ಮೇಲಿಟ್ಟ ಮಾಸ್ಕಿನಿಂದ ಕೊಡುತ್ತಾರೆ. ಮಗು ಎಚ್ಚರವಾಗಿಯೇ ಇರುತ್ತದೆ, ಕೊನೆಯಲ್ಲಿ ಆಮ್ಲಜನಕ ಕೊಟ್ಟ ಕೆಲವೇ ನಿಮಿಷಕ್ಕೆ ಅಮಲು ಇಳಿಯುತ್ತದೆ. ಅಳುತ್ತ ಬಾಯಲ್ಲಿ ಉಸಿರಾಡುವ ಮಗುವಿಗೆ ಇದು ಕೆಲಸ ಮಾಡುವುದಿಲ್ಲ, ಅದಕ್ಕೆ ಮೊದಲು ಸಮಾಧಾನವಾಗಬೇಕು. ಅದಕ್ಕಿಂತ ಮೇಲಿನದು ಕುಡಿಸುವ ಮಂಪರಿನ ಔಷಧಿ, ಅದರ ಮೇಲೆ ಪೂರ್ತಿ ಅರಿವಳಿಕೆ. ಇಲ್ಲಿ ಒಂದು ಪ್ರಶ್ನೆಯನ್ನು ಬಿಡಲೇಬೇಡಿ: ಅರಿವಳಿಕೆ ಕೊಡುವವರು ಯಾರು, ಉಸಿರನ್ನು ನೋಡುತ್ತ ಕೂರುವವರು ಯಾರು? ಆಳವಾದ ಮತ್ತಿಗೂ ಪೂರ್ತಿ ಅರಿವಳಿಕೆಗೂ ಹಲ್ಲಿನ ಕೆಲಸ ಮಾಡುವವರೇ ಅದನ್ನೂ ನೋಡಿಕೊಳ್ಳಬಾರದು, ಅದಕ್ಕೆಂದೇ ತರಬೇತಾದ ಬೇರೊಬ್ಬರು ಇರಬೇಕು ಎಂದು ಅಲ್ಲಿನ ಮಕ್ಕಳ ವೈದ್ಯರ ಸಂಘವೂ ಮಕ್ಕಳ ಹಲ್ಲಿನ ವೈದ್ಯರ ಸಂಘವೂ ಸೇರಿ 2019ರಲ್ಲಿ ಸ್ಪಷ್ಟಪಡಿಸಿವೆ. ಮೂರು ವರ್ಷದೊಳಗಿನ ಮಕ್ಕಳಿಗೆ ಮೂರು ಗಂಟೆ ಮೀರಿದ ಅಥವಾ ಪದೇ ಪದೇ ಕೊಡುವ ಅರಿವಳಿಕೆಯ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2016ರಲ್ಲಿ ಎಚ್ಚರಿಕೆ ಕೊಟ್ಟಿದೆ. ಅರಿವಳಿಕೆಗೆ ಮೊದಲು ಮಗುವಿನ ಹೊಟ್ಟೆ ಖಾಲಿ ಇರಬೇಕು, ಇದನ್ನು ಅಜ್ಜಿಯರಿಗಾಗಿ ಹೇಳಬೇಕು: ಹಸಿದಿದೆ ಪಾಪ ಎಂದು ಕೊಟ್ಟ ಒಂದು ಬಿಸ್ಕತ್ತು, ಅರ್ಧ ಲೋಟ ಹಾಲು ಹೊಟ್ಟೆಯಿಂದ ಶ್ವಾಸಕೋಶಕ್ಕೆ ಹೋಗಿ ಜೀವಕ್ಕೇ ಕುತ್ತಾಗಬಹುದು. ಕೊಟ್ಟಿದ್ದರೆ ಮುಚ್ಚಿಡದೆ ಹೇಳಿ, ದಿನ ಮುಂದೆ ಹೋದರೂ ಪರವಾಗಿಲ್ಲ.

ದುಡ್ಡಿನ ಮಾತು ಚುಟುಕಾಗಿ. ಅಲ್ಲಿ ಹಲ್ಲಿನ ಇನ್ಶೂರೆನ್ಸ್ ಬೇರೆ, ಮೈಯ ಇನ್ಶೂರೆನ್ಸ್ ಬೇರೆ. ಆಸ್ಪತ್ರೆಯಲ್ಲಿ ಅರಿವಳಿಕೆ ಕೊಟ್ಟು ಮಾಡಿದರೆ ಹಲ್ಲಿನ ಕೆಲಸಕ್ಕೆ ಒಂದು ಕಡೆಯಿಂದ, ಆಸ್ಪತ್ರೆ ಮತ್ತು ಅರಿವಳಿಕೆಗೆ ಇನ್ನೊಂದು ಕಡೆಯಿಂದ ಹಣ ಬರಬೇಕಾಗುತ್ತದೆ. ಎರಡೂ ಕಡೆಯ ಮುಂಗಡ ಒಪ್ಪಿಗೆ ಬರಹದಲ್ಲಿ ಬಂದ ಮೇಲೆ ದಿನ ಗೊತ್ತುಮಾಡಿ. ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಮೆಡಿಕೇಡ್ ವಿಮೆ ಇರುವ ಮನೆಯಾದರೆ 21 ವರ್ಷದೊಳಗಿನವರ ಹಲ್ಲಿನ ಆರೈಕೆ ಅದರಲ್ಲೇ ಸೇರಿದೆ.

ಈಗ ಬೆಂಗಳೂರು. "ಡಿಸೆಂಬರ್ ರಜಕ್ಕೆ ಬರ್ತೀರಲ್ಲ, ಇಲ್ಲೇ ಮಾಡಿಸೋಣ ಬಿಡು" ಎಂದು ಅಕ್ಕ ಆಗಲೇ ಹೇಳಿಯಾಗಿದೆ. ಖರ್ಚು ಕಡಿಮೆ ನಿಜ. ಮಕ್ಕಳ ಹಲ್ಲಿಗೆಂದೇ ಮೂರು ವರ್ಷದ ಎಂಡಿಎಸ್ ಓದಿದ ಒಳ್ಳೆಯ ಡಾಕ್ಟರುಗಳು ಇಲ್ಲಿದ್ದಾರೆ, ಕನ್ನಡದಲ್ಲೇ ಮಾತಾಡಿಸುತ್ತಾರೆ. ನನ್ನ ಮಗನ ಬಾಯಿ ತೆರೆಸಿದ್ದೂ ಇಲ್ಲಿಯವರೇ. ಮೊದಲ ಎರಡು ಭೇಟಿಯಲ್ಲಿ ಅವರು ಉಪಕರಣವನ್ನೇ ಮುಟ್ಟಲಿಲ್ಲ, ಕ್ರಿಕೆಟ್ ಮಾತಾಡಿ ಕಳಿಸಿದರು. ಆದರೆ "ಕೈಕಾಲು ಗಟ್ಟಿಯಾಗಿ ಹಿಡ್ಕೊಳಿ ಅಮ್ಮ, ಎರಡೇ ನಿಮಿಷ" ಎನ್ನುವ ರೂಢಿಯೂ ಇಲ್ಲಿದೆ, ಅದಕ್ಕೆ ಕಾಗದ ಕೇಳಿದ್ದನ್ನು ನಾನು ನೋಡಿಲ್ಲ. ಹಾಗಾಗಿ ಅಲ್ಲಿ ಕೇಳುವ ಪ್ರಶ್ನೆಗಳನ್ನೇ ಇಲ್ಲೂ ಕೇಳಿ. ಜೆಟ್‌ಲ್ಯಾಗ್ ಇಳಿಯುವವರೆಗೆ ನಾಲ್ಕೈದು ದಿನ ಬಿಡಿ. ವಿಮಾನ ಹತ್ತುವ ಹಿಂದಿನ ವಾರಕ್ಕೆ ಇಟ್ಟುಕೊಳ್ಳಬೇಡಿ, ಬಾವು ಬಂದರೆ ತೋರಿಸಲು ಆ ಡಾಕ್ಟರು ಅಲ್ಲಿರುವುದಿಲ್ಲ. ಎಕ್ಸ್‌ರೇ ಮತ್ತು ದಾಖಲೆಯ ಪ್ರತಿಯನ್ನು ಹೊರಡುವುದಕ್ಕೆ ಒಂದು ತಿಂಗಳು ಮೊದಲೇ ಅಮೆರಿಕದ ಕ್ಲಿನಿಕ್ಕಿನಿಂದ ಕೇಳಿ ತನ್ನಿ, ಕೊಡಲು ಅವರಿಗೆ ಕಾನೂನಿನಂತೆ 30 ದಿನದ ಅವಕಾಶವಿದೆ. ಮಗುವನ್ನು ನಿಮಗೆ ಹೇಳದೆ ಕಟ್ಟಿದ್ದಾರೆಂಬ ಅನುಮಾನವಿದ್ದರೆ ತಿಳಿಯುವುದೂ ಆ ದಾಖಲೆಯಿಂದಲೇ. ದೂರು ಕೊಡಬೇಕಾದ್ದು ಆಯಾ ರಾಜ್ಯದ ಡೆಂಟಲ್ ಬೋರ್ಡಿಗೆ.

"ಬಿದ್ದುಹೋಗೋ ಹಲ್ಲು ತಾನೆ, ಬಿಡು" ಎನ್ನುವ ಹಿರಿಯರಿಗೆ: ದವಡೆಯ ಹಾಲುಹಲ್ಲು ಬೀಳುವುದು ಒಂಬತ್ತರಿಂದ ಹನ್ನೆರಡನೆಯ ವಯಸ್ಸಿಗೆ. ನಾಲ್ಕರ ಮಗು ಐದರಿಂದ ಎಂಟು ವರ್ಷ ಅದರಲ್ಲೇ ಅಗಿಯಬೇಕು. ಮೊದಲ ಹಲ್ಲು ಮೂಡಿದಾಗಲೇ, ಹೆಚ್ಚೆಂದರೆ ಮೊದಲ ಹುಟ್ಟುಹಬ್ಬದೊಳಗೆ ತೋರಿಸಿ ಎಂದು ಅಲ್ಲಿನ ಸಂಘ ಹೇಳುವುದು ಇದಕ್ಕೇ. ಏನೂ ನೋವಿಲ್ಲದ ದಿನ ಕುರ್ಚಿ ಹತ್ತಿ ಇಳಿದ ಮಗುವಿಗೆ ಆ ಕೋಣೆ ಹೊಸದಾಗಿರುವುದಿಲ್ಲ.

ಮನೆಯಲ್ಲಿ ಇವತ್ತೇ ನಿಲ್ಲಿಸಬೇಕಾದ್ದು ಒಂದಿದೆ: "ಊಟ ಮಾಡ್ಲಿಲ್ಲ ಅಂದ್ರೆ ಡಾಕ್ಟ್ರ ಹತ್ರ ಸೂಜಿ ಚುಚ್ಚಿಸ್ತೀನಿ." ನಾವೆಲ್ಲ ಅದನ್ನು ಕೇಳಿಕೊಂಡೇ ಬೆಳೆದೆವು, ನಾನೂ ನನ್ನ ಮಗನಿಗೆ ಹೇಳಿದ್ದೆ. "ಏನೂ ನೋಯಲ್ಲ" ಎಂಬ ಸುಳ್ಳೂ ಬೇಡ. "ಸ್ವಲ್ಪ ಜುಮ್ ಅನ್ಸತ್ತೆ, ನಾನು ಪಕ್ಕದಲ್ಲೇ ಇರ್ತೀನಿ" ಎನ್ನಿ. ಇವತ್ತು ರಾತ್ರಿ ಹಲ್ಲುಜ್ಜಿಸುವಾಗ ಮಗುವನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು, ಬೇಡ ಎನಿಸಿದಾಗ ಎಡಗೈ ಎತ್ತು ಎಂದು ಹೇಳಿಕೊಡಿ. ಎತ್ತಿದ ಕ್ಷಣವೇ ಬ್ರಶ್ ನಿಲ್ಲಿಸಿ. ಹತ್ತು ಸಲ ಎತ್ತಿದರೆ ಹತ್ತು ಸಲವೂ ನಿಲ್ಲಿಸಿ. ಒಂದು ವಾರ ಹೀಗೆ ಮಾಡಿ, ಆಮೇಲೆ ಕ್ಲಿನಿಕ್ಕಿಗೆ ಹೋದಾಗ ಡಾಕ್ಟರಿಗೆ ತಿಳಿಸಿ: ಇವನು ಎಡಗೈ ಎತ್ತಿದರೆ ನೀವು ನಿಲ್ಲಿಸಬೇಕು.